ಎಚ್‌ಎಂಟಿ ಜನತಾ, ಪಕ್ಕದಲ್ಲೊಂದು ಟೈಟಾನ್: ಎರಡನ್ನೂ ಕಟ್ಟಿ ನೋಡಿದ ಮೇಲೆ

ನನ್ನ ಹತ್ತಿರ ಎರಡು ವಾಚು ಇವೆ. ಒಂದು ಎಚ್‌ಎಂಟಿ ಜನತಾ, ದಿನಾ ಚಾವಿ ಕೊಡಬೇಕು. ಇನ್ನೊಂದು ಟೈಟಾನ್, ಸೆಲ್ ಹಾಕಿಸಿದರೆ ಸಾಕು. ಒಂದು ವಾರ ಅದು, ಒಂದು ವಾರ ಇದು ಅಂತ ಕಟ್ಟಿಕೊಂಡು ಓಡಾಡುವುದು ನನಗೆ ಅಭ್ಯಾಸ ಆಗಿಬಿಟ್ಟಿದೆ. ಯಾರಾದರೂ 'ಹಳೇ ಎಚ್‌ಎಂಟಿ ಈಗ ತಗೋಬಹುದಾ, ಚೆನ್ನಾಗಿದೆಯಾ' ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಚೆನ್ನಾಗಿದೆ, ತಗೊಳ್ಳಿ. ಆದರೆ ಬರೀ ಡಯಲ್ಲು, ಬೆಲ್ಟು ಅಂತ ಬರೆದು ಮುಗಿಸೋಕೆ ನನಗೆ ಮನಸ್ಸಾಗುತ್ತಿಲ್ಲ. ಈ ಎರಡು ವಾಚನ್ನು ಪಕ್ಕ ಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಕಾಣುವುದು ಎರಡು ಕಂಪನಿಯ ದೊಡ್ಡವರ ತಲೆ. ಮೇಲಿನ ಕುರ್ಚಿಯಲ್ಲಿ ಕೂತವರು 'ನಾವು ಮಾರುತ್ತಿರುವುದು ಏನು' ಅಂತ ಅಂದುಕೊಂಡಿದ್ದರೋ, ಅದು ಮಷೀನಿನಲ್ಲೂ ಇದೆ, ಕೇಸಿನಲ್ಲೂ ಇದೆ, ಕೊನೆಗೆ ಒಂದು ಕಂಪನಿ ಬಾಗಿಲು ಹಾಕಿ ಇನ್ನೊಂದು ಬೆಳೆದದ್ದರಲ್ಲೂ ಇದೆ.

ಜನತಾ ನಾನು ತಗೊಂಡದ್ದು 2014ರಲ್ಲಿ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುತ್ತಾರೆ ಅಂತ ಆ ಸೆಪ್ಟೆಂಬರಿನಲ್ಲಿ ಸುದ್ದಿ ಬಂತು. ಎಷ್ಟೋ ವರ್ಷ ಆ ಕಡೆ ತಲೆ ಹಾಕದವರೆಲ್ಲ ಒಂದೇ ಸಲ ಮಳಿಗೆಗಳಿಗೆ ನುಗ್ಗಿದರು. ನಾನೂ ಅವರಲ್ಲಿ ಒಬ್ಬ. ಬಿಳಿ ಡಯಲ್, ಕಪ್ಪು ಅಂಕಿ, ಸ್ಟೀಲ್ ಕೇಸು. ಡಯಲ್ ಮೇಲೆ '17 ಜ್ಯುವೆಲ್ಸ್' ಅಂತ ಸಣ್ಣಗೆ ಬರೆದಿದೆ. ಜ್ಯುವೆಲ್ ಅಂದರೆ ಚಕ್ರದ ಅಚ್ಚು ತಿರುಗುವ ಜಾಗದಲ್ಲಿ ಕೂರಿಸುವ ಕೆಂಪು ಹರಳು. ಲೋಹ ಲೋಹಕ್ಕೆ ಉಜ್ಜಿ ಸವೆಯಬಾರದಲ್ವಾ, ಅದಕ್ಕೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ಚಾವಿ ಕೊಡುತ್ತೇನೆ. 25ರಿಂದ 30 ಸುತ್ತು. ಮೊದಲು ಸಲೀಸಾಗಿ ತಿರುಗುತ್ತದೆ, ಆಮೇಲೆ ಬೆರಳಿಗೆ ಸ್ವಲ್ಪ ಬಿಗಿ ಗೊತ್ತಾಗುತ್ತದೆ, ಕೊನೆಗೆ ತಾನೇ ನಿಲ್ಲುತ್ತದೆ. ಅಲ್ಲಿಗೆ ಬಿಡಬೇಕು. ಒತ್ತಾಯ ಮಾಡಬಾರದು. ಒಂದು ಸಲ ಪೂರ್ತಿ ಕೊಟ್ಟರೆ ಒಂದೂವರೆ ದಿನ ಓಡುತ್ತದೆ. ಕಿವಿ ಹತ್ತಿರ ಹಿಡಿದರೆ ಬಿಡುವಿಲ್ಲದೆ ಟಿಕ್ ಟಿಕ್ ಕೇಳುತ್ತದೆ: ಸೆಕೆಂಡಿಗೆ 5 ಬಡಿತ, ಗಂಟೆಗೆ 18,000, ದಿನಕ್ಕೆ 4,32,000. ಈ ಲೆಕ್ಕ ಗೊತ್ತಾದ ದಿನ ನಾನು ತುಂಬ ಹೊತ್ತು ಆ ವಾಚನ್ನೇ ನೋಡುತ್ತಾ ಕೂತಿದ್ದೆ. ಇಷ್ಟು ಸಣ್ಣ ಮಷೀನು, ಇಷ್ಟು ಕಡಿಮೆ ಬೆಲೆಗೆ, ಅದೂ ನಮ್ಮೂರಿನವರ ಕೈಯಲ್ಲಿ ಆಗಿದ್ದು.

ಟೈಮ್ ವಿಷಯ? ನನ್ನದು ದಿನಕ್ಕೆ 20 ಸೆಕೆಂಡಿನಷ್ಟು ಮುಂದೆ ಓಡುತ್ತದೆ. ವಾರಕ್ಕೊಮ್ಮೆ ಸರಿ ಮಾಡಿಕೊಳ್ಳುತ್ತೇನೆ. ನೀರಿಗೆ ಹಾಕಬೇಡಿ, ಮಳೆಯಲ್ಲಿ ನೆನೆಸಬೇಡಿ. ಗ್ಲಾಸ್ ಅಂತೀವಲ್ಲ, ಅದು ಗಾಜಲ್ಲ, ಅಕ್ರಿಲಿಕ್. ಬೇಗ ಗೀರು ಬೀಳುತ್ತದೆ. ಆದರೆ ಬಟ್ಟೆ ಮೇಲೆ ಒಂದು ಚೂರು ಟೂತ್‌ಪೇಸ್ಟ್ ಹಾಕಿ ನಿಧಾನಕ್ಕೆ ಉಜ್ಜಿದರೆ ಸಣ್ಣ ಗೀರೆಲ್ಲ ಹೋಗುತ್ತದೆ.

ಟೈಟಾನ್ ನನ್ನ ಭಾವ ಕೊಟ್ಟದ್ದು, 1996ರಲ್ಲಿ, ನನ್ನ ಮದುವೆಗೆ. ಚಿನ್ನದ ಬಣ್ಣದ ಕೇಸು, ರೋಮನ್ ಅಂಕಿ, ಕಂದು ಬಣ್ಣದ ಚರ್ಮದ ಬೆಲ್ಟು. ತೆಳ್ಳಗಿದೆ. ಶರ್ಟಿನ ತೋಳಿನ ಕೆಳಗೆ ಸಲೀಸಾಗಿ ಜಾರಿಕೊಳ್ಳುತ್ತದೆ. ಸೆಕೆಂಡಿನ ಮುಳ್ಳು ಸೆಕೆಂಡಿಗೊಂದೇ ಹೆಜ್ಜೆ ಇಡುತ್ತದೆ. ಎರಡು ವರ್ಷಕ್ಕೊಮ್ಮೆ ಸೆಲ್ ಹಾಕಿಸುವುದು ಬಿಟ್ಟರೆ ನಾನು ಅದಕ್ಕೆ ಏನೂ ಮಾಡಿಲ್ಲ. ತಿಂಗಳಿಗೆ ಕೆಲವೇ ಸೆಕೆಂಡು ವ್ಯತ್ಯಾಸ. ಒಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದರ ಮುಂದೆ 5 ಬಡಿತ ಯಾವ ಲೆಕ್ಕ. ಬರೀ ಟೈಮ್ ನೋಡೋಕೆ ವಾಚು ಬೇಕು ಅನ್ನುವವರಿಗೆ ಇಲ್ಲಿಗೆ ಮಾತು ಮುಗಿಯಿತು, ಟೈಟಾನ್ ಗೆದ್ದಿತು.

ನಾವು ಇರುವುದು ತುಮಕೂರಿನಲ್ಲಿ. ಮನೆ ಹತ್ತಿರ ಒಂದು ರಿಪೇರಿ ಅಂಗಡಿ ಇದೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು ಅಷ್ಟು ಚಿಕ್ಕದು. ಒಂದು ದಿನ ಎರಡೂ ವಾಚನ್ನು ತಗೊಂಡು ಹೋಗಿ, ಹಿಂದಿನ ಮುಚ್ಚಳ ತೆಗೆದು ತೋರಿಸಿ ಅಂತ ಕೇಳಿದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೊದಲು ಜನತಾ ತೆಗೆದರು. ಒಳಗೆ ಎಲ್ಲಾ ಲೋಹ. ಟಿಕ್ ಟಿಕ್ ತಾಳ ಹಿಡಿಯುವ ಚಕ್ರ, ಬ್ಯಾಲೆನ್ಸ್ ವೀಲು, ಆ ಕಡೆ ಈ ಕಡೆ ಆಡುತ್ತಿತ್ತು. ಚಿಮುಟದ ತುದಿಯಲ್ಲಿ ಒಂದೊಂದೇ ಸ್ಕ್ರೂ ತೋರಿಸಿದರು. ಆಮೇಲೆ ಟೈಟಾನ್. ಒಂದು ಸೆಲ್, ಕೂದಲಿಗಿಂತ ಸಣ್ಣ ತಂತಿ ಸುತ್ತಿದ ಒಂದು ಕಾಯಿಲ್, ಕೆಲವು ಪುಟಾಣಿ ಚಕ್ರ, ಅಷ್ಟೆ. ಅವರು ಹೇಳಿದ್ದು ಎರಡೇ ಮಾತು. 'ಜನತಾನ ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೂಡಿಸಬಹುದು ಸಾರ್. ಟೈಟಾನ್ ಕೆಟ್ಟರೆ ಮಷೀನನ್ನೇ ಬದಲಾಯಿಸೋದು ಸುಲಭ.'

ಅಲ್ಲಿ ನಿಂತಾಗ ನನಗೆ ಹೊಳೆದದ್ದು ಇದು. ಜನತಾದಲ್ಲಿ ದುಡ್ಡು, ಶ್ರಮ ಎಲ್ಲಾ ಹೋಗಿರುವುದು ಒಳಕ್ಕೆ, ಕಣ್ಣಿಗೆ ಕಾಣದ ಕಡೆ. ಹೊರಗಿನ ಕೇಸು ಸಾಧಾರಣ, ಬೆಲ್ಟು ಇನ್ನೂ ಸಾಧಾರಣ. ಟೈಟಾನ್‌ನಲ್ಲಿ ಪೂರ್ತಿ ಉಲ್ಟಾ. ಒಳಗೆ ಸರಳ, ಮುತುವರ್ಜಿಯೆಲ್ಲ ಹೊರಗೆ. ಇದು ಸುಮ್ನೆ ಆದದ್ದಲ್ಲ, ಯಾರೋ ಕೂತು ಹಾಗೆ ಮಾಡಬೇಕು ಅಂತ ತೀರ್ಮಾನ ಮಾಡಿದ್ದರಿಂದ ಆದದ್ದು.

ಎಚ್‌ಎಂಟಿ ಹೆಸರನ್ನೇ ನೋಡಿ. ಹಿಂದೂಸ್ತಾನ್ ಮಷೀನ್ ಟೂಲ್ಸ್. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದಾಗ ಅದು ಲೇತ್, ಮಿಲ್ಲಿಂಗ್ ಮಷೀನು ಮಾಡುವ ಕಾರ್ಖಾನೆ. ಯಂತ್ರಗಳನ್ನು ಮಾಡುವ ಯಂತ್ರ ಅಂತಾರಲ್ಲ, ಅದು. ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಕಟ್ಟಿದ್ದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ವಾಚಿನ ಕೆಲಸಕ್ಕೆ ಕೈ ಹಾಕಿತು. ಆಗ ದೇಶದಲ್ಲಿ ವಾಚು ಅಂದರೆ ಹೊರದೇಶದ್ದು, ಎಷ್ಟೋ ಸಲ ಕಳ್ಳಸಾಗಣೆಯಲ್ಲಿ ಬಂದದ್ದು. ಅಂಥ ಕಾಲದಲ್ಲಿ ಮೇಷ್ಟ್ರು, ಗುಮಾಸ್ತರು, ಕಂಡಕ್ಟರು ಕೂಡ ಕಟ್ಟಬಹುದಾದ ಒಂದು ಗಟ್ಟಿ ವಾಚು ಮಾಡಿಕೊಟ್ಟರು. ಅದಕ್ಕೆ ಇಟ್ಟ ಹೆಸರು ಜನತಾ. ಆ ಹೆಸರಿನಲ್ಲೇ ಆ ಮ್ಯಾನೇಜರುಗಳ ಮನಸ್ಸು ಇದೆ. ಅದನ್ನು ನಾನು ಈಗಲೂ ಗೌರವದಿಂದಲೇ ನೋಡುತ್ತೇನೆ.

ಆ ಮೇಲಿನವರಲ್ಲಿ ಜಾಸ್ತಿ ಜನ ಎಂಜಿನಿಯರುಗಳು, ಶಾಪ್ ಫ್ಲೋರಿನಿಂದ ಬಂದವರು. ಅವರಿಗೆ ವಾಚು ಅಂದರೆ ಒಂದು ಪುಟ್ಟ ಯಂತ್ರ. ಒಳ್ಳೆ ಯಂತ್ರ ಅಂದರೆ ನಿಖರವಾಗಿರಬೇಕು, ಬಾಳಿಕೆ ಬರಬೇಕು, ಕಡಿಮೆ ಬೆಲೆಗೆ ಸಿಗಬೇಕು. ಜಾಸ್ತಿ ಮಾಡಿದಷ್ಟೂ ಒಳ್ಳೆಯದು. ಈ ಲೆಕ್ಕ ಸುಮಾರು 20 ವರ್ಷ ಚಿನ್ನದಂತೆ ನಡೆಯಿತು. ಮಾಡಿದ್ದೆಲ್ಲ ಮಾರಾಟವಾಯಿತು. ಮದುವೆಯಲ್ಲಿ ಅಳಿಯನಿಗೆ ವಾಚು, ಸೈಕಲ್ಲು, ರೇಡಿಯೋ ಅಂದರೆ ಆ ವಾಚು ಎಚ್‌ಎಂಟಿನೇ. ಕಾಯಬೇಕಿತ್ತು, ಗೊತ್ತಿದ್ದವರ ಕೈಲಿ ಹೇಳಿಸಬೇಕಿತ್ತು. 1978ರಲ್ಲಿ ನಮ್ಮ ತುಮಕೂರಿಗೂ ಕಾರ್ಖಾನೆ ಬಂತು. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರು ಅಕ್ಕ ಅಲ್ಲಿ ವಾಚು ಜೋಡಿಸುವ ಅಸೆಂಬ್ಲಿ ವಿಭಾಗದಲ್ಲಿದ್ದರು. ಅವರು ಯಾರ ಮನೆಗೆ ಬಂದರೂ ಮೊದಲು ನೋಡುತ್ತಿದ್ದದ್ದು ಎದುರಿಗಿದ್ದವರ ಮಣಿಕಟ್ಟು. ಎಚ್‌ಎಂಟಿ ಕಂಡರೆ ಮುಖ ಅರಳುತ್ತಿತ್ತು. 1983ರಲ್ಲಿ ಲಾಲ್‌ಬಾಗಿನಲ್ಲಿ ಹೂವಿನ ಗಡಿಯಾರ ನಿಲ್ಲಿಸಿದವರೂ ಎಚ್‌ಎಂಟಿಯವರೇ. ಕಣ್ಣು ಕಾಣದವರಿಗಾಗಿ ಬ್ರೈಲ್ ವಾಚನ್ನೂ ಮಾಡಿದರು. ಒಟ್ಟು ಲೆಕ್ಕ ಹಾಕಿದರೆ ಅವರು ಮಾಡಿದ ವಾಚು 10 ಕೋಟಿ ದಾಟುತ್ತದೆ.

ಇಷ್ಟೆಲ್ಲ ಇದ್ದವರು ಸೋತದ್ದು ಹೇಗೆ?

ಎಲ್ಲರೂ ಥಟ್ಟನೆ ಹೇಳುವ ಉತ್ತರ, ಸೆಲ್‌ನಲ್ಲಿ ಓಡುವ ಕ್ವಾರ್ಟ್ಜ್ ವಾಚು ಬಂತು, ಎಚ್‌ಎಂಟಿಗೆ ಅದು ಗೊತ್ತಿರಲಿಲ್ಲ ಅಂತ. ಅದು ತಪ್ಪು. ಎಚ್‌ಎಂಟಿಗೆ ಚೆನ್ನಾಗಿ ಗೊತ್ತಿತ್ತು. ಟೈಟಾನ್ ಅಂಗಡಿಗೆ ಬರುವ ಮೊದಲೇ ಎಚ್‌ಎಂಟಿ ಕ್ವಾರ್ಟ್ಜ್ ವಾಚು ಮಾಡಿ ಮಾರುತ್ತಿತ್ತು. ಅವರ ಗುರು ಸಿಟಿಜನ್ ಆ ಹೊತ್ತಿಗೆ ಕ್ವಾರ್ಟ್ಜ್ ಕಡೆ ತಿರುಗಿಕೊಂಡಿತ್ತು. ಜಪಾನಿನ ಇನ್ನೊಂದು ಕಂಪನಿ ಸೀಕೋ 1969ರ ಡಿಸೆಂಬರ್ 25ರಂದೇ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರುಕಟ್ಟೆಗೆ ತಂದಿತ್ತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳಾ? ನಮ್ಮಲ್ಲಿಗೂ ಬರುತ್ತದೆ ಅಂತ ಯಾರಿಗಾದರೂ ಅನ್ನಿಸಬೇಕಿತ್ತು. ಆದರೆ ಮೇಲಿದ್ದವರ ತಲೆಯಲ್ಲಿ ಕ್ವಾರ್ಟ್ಜ್ ಅಂದರೆ ಪಕ್ಕಕ್ಕಿರುವ ಇನ್ನೊಂದು ಬಗೆ, ಸ್ವಲ್ಪ ಬೆಲೆ ಜಾಸ್ತಿಯದ್ದು, ಅಷ್ಟೆ. ನಿಜವಾದ ವಾಚು ಅಂದರೆ ಚಾವಿಯದ್ದೇ. ಜನ ಈಗಲೂ ಅದನ್ನೇ ಕೇಳುತ್ತಿದ್ದಾರಲ್ಲ, ಕೈ ತುಂಬ ಆರ್ಡರ್ ಇದೆಯಲ್ಲ. ಹೀಗಿರುವಾಗ ದಾರಿ ಬದಲಾಯಿಸಬೇಕು ಅಂತ ಯಾರಿಗೆ ಅನ್ನಿಸುತ್ತದೆ ಹೇಳಿ.

ಇದಕ್ಕೆ ಮ್ಯಾನೇಜ್‌ಮೆಂಟ್ ಓದಿದವರು ಇಟ್ಟಿರುವ ಒಂದು ಹೆಸರಿದೆ, ಡಾಮಿನೆಂಟ್ ಲಾಜಿಕ್. 1986ರಲ್ಲಿ ಸಿ.ಕೆ. ಪ್ರಹ್ಲಾದ್ ಮತ್ತು ರಿಚರ್ಡ್ ಬೆಟ್ಟಿಸ್ ಅನ್ನುವ ಇಬ್ಬರು ಮುಂದಿಟ್ಟ ಮಾತು. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಒಂದು ವ್ಯಾಪಾರದಲ್ಲಿ ಗೆದ್ದು ಗೆದ್ದು ಮೇಲೆ ಬಂದವರ ತಲೆಯಲ್ಲಿ ಒಂದು ಜರಡಿ ಕೂತುಬಿಡುತ್ತದೆ. ಹೊರಗಿನಿಂದ ಬರುವ ಸುದ್ದಿಯೆಲ್ಲ ಆ ಜರಡಿಯಲ್ಲೇ ಹಾಯಬೇಕು. ಗೆಲ್ಲಿಸಿದ ಲೆಕ್ಕಕ್ಕೆ ಹೊಂದುವ ಸುದ್ದಿ ಕೆಳಗೆ ಇಳಿಯುತ್ತದೆ, ಹೊಂದದ್ದು ಮೇಲೇ ಉಳಿಯುತ್ತದೆ. ಅವರು ದಡ್ಡರಲ್ಲ. ಸೋಮಾರಿಗಳೂ ಅಲ್ಲ. ಗೆಲುವೇ ಆ ಜರಡಿ ಹೆಣೆದದ್ದು, ಅದಕ್ಕೇ ಅದು ಇದೆ ಅಂತ ಅವರಿಗೇ ಗೊತ್ತಾಗುವುದಿಲ್ಲ.

ಬರೀ ನಮ್ಮವರನ್ನು ದೂರಬೇಡಿ. ವಾಚಿಗೆ ತೌರುಮನೆ ಅಂದರೆ ಸ್ವಿಟ್ಜರ್‌ಲೆಂಡ್. ಅಲ್ಲಿನ ನೂಶಾಟೆಲ್ ಊರಿನ ಪ್ರಯೋಗಾಲಯದಲ್ಲಿ 1967ರಲ್ಲೇ ಕ್ವಾರ್ಟ್ಜ್ ಕೈಗಡಿಯಾರದ ಮಾದರಿ ತಯಾರಾಗಿತ್ತು. ಕೈಯಲ್ಲೇ ಇತ್ತು! ಆದರೂ ಅಲ್ಲಿನ ಕಂಪನಿಗಳ ಯಜಮಾನರಿಗೆ ಬ್ಯಾಲೆನ್ಸ್ ವೀಲು ಇಲ್ಲದ್ದು ವಾಚು ಅನ್ನಿಸಲಿಲ್ಲ. 1970ರ ಹೊತ್ತಿಗೆ ಅಲ್ಲಿ ವಾಚಿನ ಕೆಲಸದಲ್ಲಿದ್ದವರು ಸುಮಾರು 90 ಸಾವಿರ ಜನ. 1980ರ ದಶಕದ ನಡುವಿನ ಹೊತ್ತಿಗೆ ಅದು 30 ಸಾವಿರದ ಆಸುಪಾಸಿಗೆ ಇಳಿಯಿತು. ಅವರು ಚೇತರಿಸಿಕೊಂಡದ್ದು 1983ರಲ್ಲಿ ಸ್ವಾಚ್ ಬಂದ ಮೇಲೆ. ಪ್ಲಾಸ್ಟಿಕ್ ವಾಚು, ಬರೀ 51 ಬಿಡಿಭಾಗ, ಬಟ್ಟೆಗೆ ಹೊಂದುವಂತೆ ಬಣ್ಣ ಬಣ್ಣದ್ದು.

ಈಗ ಟೈಟಾನ್ ಕಡೆ ಬನ್ನಿ. 1984ರಲ್ಲಿ ಟಾಟಾದವರು ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕೆ ಬೆಳೆಸುವ ಸಂಸ್ಥೆ ಟಿಡ್ಕೊ ಸೇರಿ ಕಟ್ಟಿದ ಕಂಪನಿ. ಟಾಟಾ ಇಂಡಸ್ಟ್ರೀಸ್ ಅನ್ನುವುದರ ಟಿಐ, ಟಾನ್ ಅಂದರೆ ತಮಿಳುನಾಡು, ಹೀಗೆ ಕೂಡಿಸಿದ ಹೆಸರು. ಕಾರ್ಖಾನೆ ಹೊಸೂರಿನಲ್ಲಿ, ಬೆಂಗಳೂರಿನಿಂದ ಒಂದು ಗಂಟೆಯ ದಾರಿ. ಅದರ ಚುಕ್ಕಾಣಿ ಹಿಡಿದವರು ಝೆರ್ಕ್ಸಿಸ್ ದೇಸಾಯಿ. ನನಗೆ ತುಂಬ ಮುಖ್ಯ ಅನ್ನಿಸುವುದು, ಅವರು ವಾಚಿನವರಲ್ಲ. ಅದಕ್ಕೆ ಮೊದಲು ಟಾಟಾ ಪ್ರೆಸ್ ನಡೆಸುತ್ತಿದ್ದರು, ಅಂದರೆ ಅಚ್ಚಿನ ಕೆಲಸ. ಕಣ್ಣಿಗೆ ಹೇಗೆ ಕಾಣಬೇಕು ಅನ್ನುವುದೇ ಆ ಕಸುಬಿನ ಜೀವ. ಅಂಥವರು ವಾಚನ್ನು ನೋಡಿದಾಗ ಮೊದಲು ಕಂಡದ್ದು ಮಷೀನಲ್ಲ, ಕಟ್ಟುವವರ ಕೈ.

ಕೆಲಸ ಗೊತ್ತಿದ್ದವರು ಬೇಕಲ್ವಾ? ಎಚ್‌ಎಂಟಿಯಿಂದಲೇ ಒಳ್ಳೊಳ್ಳೆ ಎಂಜಿನಿಯರುಗಳು ಹೊಸೂರಿಗೆ ಹೋದರು. ಜೊತೆಗೆ ಸುತ್ತಲಿನ ಹಳ್ಳಿಗಳಿಂದ ಆಗಷ್ಟೇ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ತಂದು ಕಲಿಸಿದರು. ಹಾಗಾಗಿ ಈ ಎರಡು ಕಂಪನಿಯ ವ್ಯತ್ಯಾಸಕ್ಕೆ ಜಾಣತನವನ್ನೋ ಕೈಚಳಕವನ್ನೋ ಕಾರಣ ಅನ್ನೋಕೆ ಆಗುವುದಿಲ್ಲ. ಅದೇ ಕೈ, ಅದೇ ವಿದ್ಯೆ. ಮೇಲಿನಿಂದ ಬಂದ ಪ್ರಶ್ನೆ ಬೇರೆ.

1987ರಲ್ಲಿ ಟೈಟಾನ್ ಬಂದಾಗ ಪೂರ್ತಿ ಕ್ವಾರ್ಟ್ಜ್ ಮೇಲೆಯೇ ನಿಂತಿತ್ತು. ಆಗ ದೇಶದಲ್ಲಿ ಮಾರಾಟವಾಗುತ್ತಿದ್ದದ್ದು ಬಹುಪಾಲು ಚಾವಿಯ ವಾಚು. ಅಂಥ ಹೊತ್ತಿನಲ್ಲಿ ಹಾಗೆ ತೀರ್ಮಾನ ಮಾಡೋಕೆ ಎದೆಗಾರಿಕೆ ಬೇಕು. ಅದಕ್ಕಿಂತ ದೊಡ್ಡದು ಅಂಗಡಿ. ಅಲ್ಲಿಯವರೆಗೆ ವಾಚು ಕೊಳ್ಳುವುದು ಅಂದರೆ ಗಾಜಿನ ಕಪಾಟಿನ ಹಿಂದೆ ನಿಂತ ಅಂಗಡಿಯವರು ತೆಗೆದು ತೋರಿಸಿದ ಮೂರು ನಾಲ್ಕರಲ್ಲಿ ಒಂದನ್ನು ಒಪ್ಪಿಕೊಳ್ಳುವುದು. ಟೈಟಾನ್ ತನ್ನದೇ ಶೋರೂಮ್ ಮಾಡಿತು. ಒಳ್ಳೆ ಬೆಳಕು, ಸಾಲಾಗಿ ಜೋಡಿಸಿದ ನೂರಾರು ಬಗೆ, ಮುಟ್ಟಿ, ಕಟ್ಟಿ, ಕನ್ನಡಿಯಲ್ಲಿ ನೋಡಿ ಆರಿಸಿಕೊಳ್ಳಬಹುದು. ಟಿವಿಯಲ್ಲಿ ಬರುತ್ತಿದ್ದ ಜಾಹೀರಾತು ನೆನಪಿದೆಯಾ? ಯಾರೋ ಯಾರಿಗೋ ಪ್ರೀತಿಯಿಂದ ವಾಚು ಕೊಡುತ್ತಿದ್ದರು. 17 ಜ್ಯುವೆಲ್ಸು, ಶಾಕ್ ಪ್ರೂಫು ಅಂತ ಒಂದು ಮಾತಿಲ್ಲ. ಆ ರಾಗ ಕೇಳಿದರೆ ಈಗಲೂ ನನಗೆ ಅಕ್ಕನ ಮನೆಯ ಹಾಲ್ ನೆನಪಾಗುತ್ತದೆ. ನನ್ನ ಭಾವ ಮದುವೆಗೆ ಟೈಟಾನ್ ಕೊಟ್ಟದ್ದು ಕೂಡ ಆ ಜಾಹೀರಾತಿನ ಕೆಲಸವೇ ಅಂತ ನನಗೆ ಅನ್ನಿಸುತ್ತದೆ. ನನ್ನ ಕೈಯಲ್ಲಿ ಟೈಮ್ ನೋಡೋಕೆ ಆಗಲೇ ಒಂದು ವಾಚು ಇತ್ತು. ಆದರೂ ಎರಡನೆಯದು ಬಂತು ನೋಡಿ. ಒಬ್ಬರಿಗೆ ಒಂದೇ ವಾಚು, ಬಾಳಿಗೆಲ್ಲ ಒಂದೇ, ಅನ್ನುವ ಲೆಕ್ಕದಲ್ಲಿ ಎಚ್‌ಎಂಟಿ ಕೂತಿತ್ತು. ಆ ಲೆಕ್ಕವನ್ನೇ ಟೈಟಾನ್ ಅಳಿಸಿಹಾಕಿತು.

ಇಲ್ಲಿ ಎಚ್‌ಎಂಟಿಯವರ ಪರವಾಗಿಯೂ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಅದು ಸರ್ಕಾರಿ ಕಂಪನಿ. ದೊಡ್ಡ ತೀರ್ಮಾನಕ್ಕೆಲ್ಲ ದೆಹಲಿ ಒಪ್ಪಬೇಕು. ಕಾರ್ಖಾನೆ ಎಲ್ಲಿ ಕಟ್ಟಬೇಕು ಅನ್ನುವುದರಲ್ಲೂ ವ್ಯಾಪಾರದ ಲೆಕ್ಕಕ್ಕಿಂತ ಬೇರೆ ಲೆಕ್ಕ ಜಾಸ್ತಿ. ಬೆಂಗಳೂರು, ಶ್ರೀನಗರ, ತುಮಕೂರು, ಆ ಕಡೆ ಉತ್ತರದ ರಾಣಿಬಾಗ್, ಹೀಗೆ ಹರಡಿಕೊಂಡಿತ್ತು. ಸಾವಿರಾರು ಕೆಲಸಗಾರರ ಮನೆ, ಶಾಲೆ, ಆಸ್ಪತ್ರೆ ಎಲ್ಲಾ ಅದರ ಹೆಗಲ ಮೇಲೆ. ಸಾವಿರಾರು ಜನ ಚಾವಿ ವಾಚಿನ ಕೆಲಸ ಕಲಿತಿರುವಾಗ, ನಾಳೆಯಿಂದ ಇದು ಬೇಡ ಅನ್ನುವುದು ಹೊಸೂರಿನ ಖಾಲಿ ಜಾಗದಲ್ಲಿ ಹೊಸದಾಗಿ ಶುರು ಮಾಡಿದಷ್ಟು ಸುಲಭ ಅಲ್ಲ. ಆದರೂ ನನ್ನ ಅಭಿಪ್ರಾಯ ಬದಲಾಗುವುದಿಲ್ಲ. ಕೈ ಕಟ್ಟಿತ್ತು ನಿಜ, ಆದರೆ ಕಣ್ಣೂ ಒಂದೇ ಕಡೆ ನೆಟ್ಟಿತ್ತು. ಡಿಸೈನು, ಅಂಗಡಿ, ಬೆಲ್ಟು, ಡಬ್ಬಿ, ಇವಕ್ಕೆ ದೆಹಲಿ ಅಡ್ಡ ಬಂದಿರಲಿಕ್ಕಿಲ್ಲ. ಅವು ಮುಖ್ಯ ಅಂತ ಅನ್ನಿಸಲಿಲ್ಲ ಅಷ್ಟೆ.

ಈ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ನಾನು ಮೊದಲು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೆ. ಪಂಪಿನ ಬಿಡಿಭಾಗ ಮಾಡುತ್ತಿದ್ದೆವು. ಯಜಮಾನರು ಒಳ್ಳೆಯವರು, ಕಸುಬು ಬಲ್ಲವರು, ಹಬ್ಬಕ್ಕೆ ತಪ್ಪದೆ ಬೋನಸ್ ಕೊಡುತ್ತಿದ್ದರು. ದಿನಾ ಸಂಜೆ 6 ಗಂಟೆಗೆ ಬಂದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: 'ಇವತ್ತು ಎಷ್ಟು ಪೀಸ್ ಆಯ್ತಪ್ಪಾ?' ನಾವು ನಂಬರ್ ಹೇಳುತ್ತಿದ್ದೆವು. ಮೂಲೆಯಲ್ಲಿ ವಾಪಸ್ ಬಂದ ಮಾಲಿನ ಡಬ್ಬ ಇರುತ್ತಿತ್ತು. ಅದರ ಬಗ್ಗೆ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ರೈತರು ಆಗಲೇ ಬೇರೆ ಥರದ ಪಂಪಿಗೆ ಹೋಗುತ್ತಿದ್ದರು. ಆ ಡಬ್ಬದೊಳಗೇ ಅದರ ಸುದ್ದಿ ಇತ್ತು, ವರ್ಷಗಟ್ಟಲೆ ಇತ್ತು. ಮೇಲಿನವರು ಕೇಳುವ ಪ್ರಶ್ನೆಗೆ ತಕ್ಕಂತೆ ಕೆಳಗಿನವರ ಕಣ್ಣೂ ಹೊಂದಿಕೊಂಡುಬಿಡುತ್ತದೆ. ನಾನೇ ದಿನಾ ಆ ಡಬ್ಬ ದಾಟಿಕೊಂಡು ಹೋಗುತ್ತಿದ್ದೆ. ಆ ಕಾರ್ಖಾನೆ ಈಗಿಲ್ಲ. ಆ ಯಜಮಾನರನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಹಾಗಂತ ಟೈಟಾನ್‌ನವರ ತಲೆ ಯಾವಾಗಲೂ ಸರಿ ಇತ್ತು ಅಂತಲ್ಲ. ದೇಸಾಯಿಯವರಿಗಿದ್ದ ಅದೇ ಕಣ್ಣು, ಅದೇ ಯುರೋಪಿನ ರುಚಿ, ಅವರನ್ನು ಗುಂಡಿಗೂ ಇಳಿಸಿತು. 1990ರ ದಶಕದಲ್ಲಿ ಯುರೋಪಿನ ಮಾರುಕಟ್ಟೆಗೆ ಟೈಟಾನ್ ತಗೊಂಡು ಹೋದರು, ಅಲ್ಲಿ ದುಡ್ಡು ಕಳೆದುಕೊಂಡರು. ಅದೇ ದಶಕದ ನಡುವೆ ತನಿಷ್ಕ್ ಶುರು ಮಾಡಿದಾಗ 18 ಕ್ಯಾರಟ್ ಚಿನ್ನದಲ್ಲಿ ಹರಳಿನ ಒಡವೆ ಇಟ್ಟರು. ನಮ್ಮ ಮನೆಯ ಹೆಂಗಸರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಚಿನ್ನ ಅಂದರೆ 22 ಕ್ಯಾರಟ್, ಕಷ್ಟಕ್ಕೆ ಆಗಬೇಕು, ಮಗಳಿಗೆ ಕೊಡಬೇಕು. ವರ್ಷಗಟ್ಟಲೆ ನಷ್ಟ. ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಅವರು ತಮ್ಮ ಲೆಕ್ಕವನ್ನು ತಿದ್ದಿಕೊಂಡರು. 22 ಕ್ಯಾರಟ್ಟಿಗೆ ಬಂದರು. ಅಂಗಡಿಯಲ್ಲಿ ಕ್ಯಾರಟ್ ಮೀಟರ್ ಇಟ್ಟು, ನಿಮ್ಮ ಮನೆಯ ಒಡವೆ ತನ್ನಿ, ಎಷ್ಟು ಶುದ್ಧ ಇದೆ ನಿಮ್ಮ ಎದುರೇ ನೋಡೋಣ ಅಂದರು. ಬೇರೆ ಕಡೆ ಕೊಂಡ ಚಿನ್ನ ಹೇಳಿದಷ್ಟು ಕ್ಯಾರಟ್ ಇಲ್ಲ ಅಂತ ಎಷ್ಟೋ ಜನಕ್ಕೆ ಗೊತ್ತಾದದ್ದೇ ಅಲ್ಲಿ. ಇವತ್ತು ಟೈಟಾನ್ ಕಂಪನಿಯ ವ್ಯಾಪಾರದಲ್ಲಿ ಬಹುಪಾಲು ಒಡವೆಯದ್ದು, ವಾಚಿನದ್ದು ಚಿಕ್ಕ ಪಾಲು. 2002ರಲ್ಲಿ ಎಡ್ಜ್ ಅನ್ನುವ ವಾಚು ತಂದರು, ಒಟ್ಟು ದಪ್ಪ 3.5 ಮಿಲಿಮೀಟರ್, ಮಷೀನು ಬರೀ 1.15 ಮಿಲಿಮೀಟರ್. ಒಂದು ಸಲ ಕೈಗೆ ಕಟ್ಟಿ ನೋಡಿದ್ದೇನೆ, ಕಟ್ಟಿದ್ದೇ ಗೊತ್ತಾಗುವುದಿಲ್ಲ.

ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಆ ರಸ್ತೆಯಲ್ಲಿ ಹೋಗುವಾಗ ಒಂದು ಕ್ಷಣ ಗಾಡಿ ನಿಧಾನ ಮಾಡುತ್ತೇನೆ. ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ಮ್ಯೂಸಿಯಂ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಹಳೇ ವಾಚುಗಳನ್ನು, ಮಷೀನುಗಳನ್ನು ಜೋಡಿಸಿಟ್ಟಿದ್ದಾರೆ.

ಸರಿ, ಕೊಳ್ಳುವವರಿಗೆ ಬೇಕಾದ ಮಾತಿಗೆ ಬರುತ್ತೇನೆ.

ವಾಚ್ ಕಂಪನಿ ಮುಚ್ಚಿದರೂ ಎಚ್‌ಎಂಟಿ ಹೆಸರಿನಲ್ಲಿ ವಾಚು ಇನ್ನೂ ಸಿಗುತ್ತದೆ. ಜನತಾ ಬೇಕಾದರೆ ಎಚ್‌ಎಂಟಿಯದೇ ಮಳಿಗೆಯಲ್ಲಿ ಅಥವಾ ಅವರದೇ ಆನ್‌ಲೈನ್ ಅಂಗಡಿಯಲ್ಲಿ ನೋಡಿ. ಎಲ್ಲಾ ಬಗೆ ಯಾವಾಗಲೂ ಸಿಗುವುದಿಲ್ಲ, ಕಾಯಬೇಕು. ಬೇರೆ ಕಡೆ ಕೊಳ್ಳುವುದಾದರೆ ಹುಷಾರು. ನನಗೆ ಒಬ್ಬ ಆನ್‌ಲೈನ್ ಮಾರಾಟಗಾರ ಎಚ್‌ಎಂಟಿಯ ಹಳೇ ಪೈಲಟ್ ಮಾಡೆಲ್ ಅಂತ ಒಂದನ್ನು ಕಳಿಸಿದ್ದ. ಫೋಟೋದಲ್ಲಿ ಫಳಫಳ ಅಂತಿತ್ತು. ಕೈಗೆ ಬಂದಾಗ ರಿಪೇರಿ ಅಂಗಡಿಯವರು ನೋಡಿದ ತಕ್ಷಣ ಹೇಳಿದರು, ಡಯಲ್‌ಗೆ ಹೊಸದಾಗಿ ಬಣ್ಣ ಹೊಡೆದು ಅಕ್ಷರ ಅಚ್ಚು ಹಾಕಿದ್ದಾರೆ, ಮುಳ್ಳು ಬೇರೆ ವಾಚಿನದ್ದು, ಒಳಗಿನ ಮಷೀನು ಮಾತ್ರ ಎಚ್‌ಎಂಟಿ ಅಂತ. ದುಡ್ಡು ವಾಪಸ್ ಬರಲಿಲ್ಲ. ಆಮೇಲೆ ಕಲಿತದ್ದು: ಕಡು ಕೆಂಪು, ಗಿಳಿಹಸಿರು, ಕಿತ್ತಳೆ ಬಣ್ಣದ ಡಯಲ್ ಕಂಡರೆ ಅನುಮಾನ ಪಡಿ. ಅಕ್ಷರದ ಅಂಚು ಮಸುಕಾಗಿದ್ದರೆ, ಗೆರೆಗಳು ಸೊಟ್ಟಗಿದ್ದರೆ ಬೇಡ. ಹಿಂದಿನ ಮುಚ್ಚಳ ತೆಗೆದ ಫೋಟೋ ಕೇಳಿ. ಕೊಡೋಕೆ ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ.

ಕಾಲೇಜಿಗೆ ಹೋಗುವ ಮಕ್ಕಳಿಗೆ ಮೊದಲ ವಾಚು ಕೊಡಿಸುವುದಾದರೆ, ಅವರಿಗೆ ಯಂತ್ರದ ಮೇಲೆ ಆಸೆ ಇದ್ದರೆ, ಜನತಾ ಕೊಡಿಸಿ. ಆಫೀಸಿಗೆ, ಬಸ್ಸು ರೈಲಿನ ಟೈಮಿಗೆ, ಮಳೆಗೆ, ಮರೆತುಹೋಗುವ ಅಭ್ಯಾಸ ಇರುವವರಿಗೆ ಟೈಟಾನ್ ಸರಿ. ಜನತಾ ಬೆಲ್ಟನ್ನು ಮಾತ್ರ ತಂದ ದಿನವೇ ಬದಲಾಯಿಸಿ, ಒಳ್ಳೆ ಚರ್ಮದ್ದು ಹಾಕಿ, ವಾಚಿನ ಕಳೆಯೇ ಬೇರೆ ಆಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸಿ. ಆ ಕೆಲಸ ಬಲ್ಲವರು ನಿಮ್ಮೂರಿನಲ್ಲಿ ಯಾರಿದ್ದಾರೆ ಅಂತ ಈಗಲೇ ಹುಡುಕಿಟ್ಟುಕೊಳ್ಳಿ, ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ನಮ್ಮ ಅಂಗಡಿಯವರಿಗೆ ವಯಸ್ಸು 70 ದಾಟಿದೆ. ಹೋದ ವಾರ ಜನತಾ ಸರ್ವಿಸ್‌ಗೆ ಕೊಟ್ಟೆ. ಗುರುವಾರ ಬನ್ನಿ ಸಾರ್ ಅಂದಿದ್ದಾರೆ, ಅಲ್ಲಿಯವರೆಗೆ ಟೈಟಾನ್ ಕಟ್ಟಿಕೊಂಡಿದ್ದೇನೆ.